ಹದಿನಾಲ್ಕು ಗುಳಿ, ಹದಿನಾಲ್ಕು ಅಧ್ಯಾಯ

ಒಂದು ಪುಸ್ತಕವನ್ನು ಎಷ್ಟರ ಮಟ್ಟಿಗೆ ಓದಿದ್ದಾರೆ ಎಂದು ತಿಳಿಯಲು ಅದನ್ನು ತೆರೆಯಬೇಕಾಗಿಲ್ಲ. ಮುಚ್ಚಿ, ಬೆಳಕಿಗೆ ಅಡ್ಡ ಹಿಡಿದು, ಹಾಳೆಗಳ ಅಂಚು ನೋಡಿದರೆ ಸಾಕು. ಬೆರಳು ಓಡಾಡಿದಷ್ಟು ದೂರ ಅಂಚು ಮಾಸಿರುತ್ತದೆ. ಅಲ್ಲಿಂದಾಚೆ ಅಚ್ಚಿನ ಮನೆಯಿಂದ ಬಂದ ಹಾಗೇ ಬೆಳ್ಳಗೆ. ಸಾಗರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಹನ್ನೊಂದು ವರ್ಷ ಅಟೆಂಡರ್ ಆಗಿದ್ದ ನನಗೆ ಈ ವಿದ್ಯೆ ಚೆನ್ನಾಗಿ ಒಲಿದಿದೆ. ವಿದ್ಯಾರ್ಥಿಗಳು ಪುಸ್ತಕ ವಾಪಸು ಕೊಡುವಾಗ ಅಂಚಿನ ಮೇಲೊಮ್ಮೆ ಕಣ್ಣಾಡಿಸಿ, "ಮೂರನೇ ಅಧ್ಯಾಯಕ್ಕೇ ನಿದ್ರೆ ಬಂತಾ?" ಎಂದು ಕೇಳಿ ಅವರನ್ನು ಬೆಚ್ಚಿಬೀಳಿಸುವುದು ನನಗೊಂದು ಚಟ.

ಇನ್ನೊಂದು ಚಟ ಅಳಿಸುವುದು. ವಾಪಸು ಬಂದ ಪುಸ್ತಕದಲ್ಲಿ ಪೆನ್ಸಿಲ್ ಗೀಟು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಮಲಗಿ ಓದಬಾರದು, ಹಾಳೆ ಮಡಚಬಾರದು, ಎಂಜಲು ಬೆರಳಲ್ಲಿ ಪುಟ ತಿರುಗಿಸಬಾರದು. ಬರೆಯುವುದಂತೂ ಸರಸ್ವತಿಯ ಸೀರೆಯ ಮೇಲೆ ಗೀಚಿದಂತೆ. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಪಕ್ಕ ಕುಳಿತು, ರಬ್ಬರ್ ಹಿಡಿದು, ಪುಟಪುಟವಾಗಿ ಉಜ್ಜುತ್ತಿದ್ದೆ. ನನ್ನ ಸೆರಗಿನ ತುಂಬ ರಬ್ಬರಿನ ಹುಡಿ. ಯಾರೂ ಹೇಳಿದ ಕೆಲಸವಲ್ಲ, ಪುಣ್ಯಕ್ಕೆ ಮಾಡುವುದು.

ಇಷ್ಟೆಲ್ಲ ಶಾಸ್ತ್ರ ಬಲ್ಲ ನಾನು ಬಿ.ಎ. ಮುಗಿಸಿರಲಿಲ್ಲ. ನಲವತ್ತು ದಾಟಿದ ಮೇಲೆ ದೂರಶಿಕ್ಷಣಕ್ಕೆ ಹೆಸರು ಹಚ್ಚಿ, ಎದ್ದು ಬಿದ್ದು ಎಲ್ಲ ಪತ್ರಿಕೆಗಳನ್ನೂ ದಾಟಿ, ಅರ್ಥಶಾಸ್ತ್ರದ ಒಂದೇ ಒಂದು ಪತ್ರಿಕೆಯಲ್ಲಿ ಸಿಕ್ಕಿಕೊಂಡಿದ್ದೆ. ಎರಡು ಸಲ ಫೇಲು. ಕಳೆದ ವರ್ಷ ಮಳೆಗಾಲದ ಕೊನೆಗೆ ಒಂದು ಕಾಗದ ಬಂತು: ನನ್ನ ನೋಂದಣಿಯ ಅವಧಿ ಮುಗಿಯುತ್ತಿದೆ, ಇದೇ ಕೊನೆಯ ಅವಕಾಶ, ಈ ಸಲವೂ ಆಗದಿದ್ದರೆ ಪಾಸಾದ ಪತ್ರಿಕೆಗಳೂ ಲೆಕ್ಕಕ್ಕಿಲ್ಲ. ಅದೇ ವಾರ ಕಾಲೇಜಿನಲ್ಲಿ ಗ್ರಂಥಾಲಯ ಸಹಾಯಕರ ಜಾಗ ತೆರವಾಯಿತು. ಪ್ರಾಂಶುಪಾಲರು ಕರೆದು, "ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಒಂದು ಬಂದ್ರೆ ಬೇರೆಯವರನ್ನ ಹುಡುಕೋದೇ ಬೇಡ ಮೇಡಂ," ಎಂದರು. ಆ 'ಒಂದು ಬಂದ್ರೆ' ನನ್ನ ಹೊಟ್ಟೆಯೊಳಗೆ ಹೋಗಿ ಕುಳಿತದ್ದು ಆಮೇಲೆ ಏಳಲೇ ಇಲ್ಲ.

ನಾನು ಚಿಂತೆಯ ವಿಷಯದಲ್ಲಿ ಬಹಳ ಶ್ರಮಜೀವಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದವಳು. ಬಂದು ನೋಡಿದರೆ ಗ್ಯಾಸ್ ಆಫ್ ಆಗಿರುತ್ತದೆ, ಬೀಗ ಹಾಕಿರುವುದಿಲ್ಲ. ನನ್ನ ಗಂಡ ಕರೆಂಟ್ ಕಂಬ ಹತ್ತುವ ಕೆಲಸದವರು. ಮೂವತ್ತಡಿ ಮೇಲೆ ನಿಂತು ಬೀಡಿ ಸೇದುವ ಮನುಷ್ಯನಿಗೆ ನೆಲದ ಮೇಲೆ ನಿಂತು ನಡುಗುವ ಹೆಂಡತಿ.

ಪರೀಕ್ಷೆಯ ದಿನಾಂಕ ಬಂದಾಗ ನಡುಕಕ್ಕೆ ಸರಿಯಾದ ಕಾರಣವೇ ಸಿಕ್ಕಿತು. ವಿಜಯದಶಮಿಯ ಮಾರನೇ ದಿನ, ಬೆಳಿಗ್ಗೆ ಹತ್ತಕ್ಕೆ, ತೀರ್ಥಹಳ್ಳಿಯ ಕೇಂದ್ರದಲ್ಲಿ. ನನ್ನ ಗಂಡನ ಮೂಲಮನೆ ತೀರ್ಥಹಳ್ಳಿಯ ಹತ್ತಿರವೇ. ದೇವಸ್ಥಾನದ ಪೂಜೆ, ಶಾಲೆ ಮೇಷ್ಟ್ರಿಕೆ ಎರಡನ್ನೂ ತಲೆತಲಾಂತರದಿಂದ ನಡೆಸಿಕೊಂಡು ಬಂದ ಮನೆ. ಅಲ್ಲಿ ನವರಾತ್ರಿಯ ಮೂಲಾ ನಕ್ಷತ್ರದ ಸಂಜೆ ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ, ರೇಷ್ಮೆ ಬಟ್ಟೆ ಹೊದಿಸಿ, ಶಾರದೆ ಎಂದು ಪೂಜಿಸುತ್ತಾರೆ. ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ನನಗೆ ಅದಕ್ಕಿಂತ ದೊಡ್ಡ ಗಂಡಾಂತರ ಇರಲಿಲ್ಲ.

"ನಾನು ಸಾಗರದಲ್ಲೇ ಇದ್ದು ಪರೀಕ್ಷೆ ದಿನ ಬರ್ತೀನಿ," ಎಂದೆ.

"ಬೆಳಿಗ್ಗೆ ಬಸ್ ಕೈಕೊಟ್ರೆ?" ಎಂದರು ಗಂಡ.

ನನ್ನಂಥವಳನ್ನು ಸೋಲಿಸಲು ಅಷ್ಟು ಸಾಕು. ಬಸ್ ಕೈಕೊಡುವುದು, ಗಾಲಿ ಪಂಕ್ಚರ್ ಆಗುವುದು, ಮರ ಅಡ್ಡ ಬೀಳುವುದು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಕಂಡು, ಮೂಲಾ ನಕ್ಷತ್ರದ ಬೆಳಿಗ್ಗೆಯೇ ಗಂಡನ ಜೊತೆ ಹೊರಟೆ.

ಬಸ್ಸಿನಲ್ಲಿ ಅರ್ಥಶಾಸ್ತ್ರದ ಪುಸ್ತಕ ತೊಡೆಯ ಮೇಲಿತ್ತು. ನಮ್ಮ ಗ್ರಂಥಾಲಯದ್ದೇ ಪ್ರತಿ. ನಾನೇ ಕಂದು ಕಾಗದದ ಹೊದಿಕೆ ಹಾಕಿದ್ದು, ನಾನೇ ಒಳಗೆಲ್ಲ ಉಜ್ಜಿ ಸ್ವಚ್ಛ ಮಾಡಿದ್ದು. ಓದುವುದಕ್ಕೆ ನನಗೊಂದು ಪದ್ಧತಿಯಿತ್ತು, ಅಪ್ಪ ಕಲಿಸಿದ್ದು: ನೆಟ್ಟಗೆ ಕುಳಿತು, ಮೊದಲ ಪುಟದ ಮೊದಲ ಸಾಲಿನಿಂದ, ಒಂದಕ್ಷರ ಬಿಡದೆ, ತುಟಿ ಆಡಿಸುತ್ತ. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಪಾರಾಯಣದಲ್ಲಿ ಹಾರಿಸಿ ಓದುವುದುಂಟೇ? ಈ ಪದ್ಧತಿಯಿಂದ ಎರಡು ವರ್ಷದಲ್ಲಿ ಆ ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳನ್ನು ಎಷ್ಟು ಸಲ ಓದಿದ್ದೆನೋ ದೇವರಿಗೇ ಗೊತ್ತು. ಹದಿನಾಲ್ಕನೆಯದನ್ನು ಒಂದೇ ಸಲ, ಅದೂ ಪರೀಕ್ಷಾ ಕೇಂದ್ರದ ಗೇಟಿನ ಎದುರು ನಿಂತು.

ಹೊಸನಗರದಲ್ಲಿ ಬಸ್ ಬದಲಾಯಿಸಬೇಕಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೂ ನನ್ನ ತುಟಿ ಆಡುತ್ತಲೇ ಇತ್ತು. ಗಂಡ ಚಹಾ ತಂದುಕೊಟ್ಟು ಪಕ್ಕದಲ್ಲಿ ಕುಳಿತರು.

"ಸಾಗರದಿಂದ ಇಲ್ಲಿತನಕ ಓದಿದ್ಯಲ್ಲ, ಎಂತ ಓದ್ದೆ ಹೇಳು ನೋಡಣ."

"ಬೇಡಿಕೆಯ ನಿಯಮ," ಎಂದೆ.

"ಹಂಗಂದ್ರೆ?"

"ಇತರ ಅಂಶಗಳು ಸ್ಥಿರವಾಗಿದ್ದಾಗ, ಸರಕಿನ ಬೆಲೆ ಕಡಿಮೆಯಾದರೆ ಬೇಡಿಕೆ ವಿಸ್ತರಿಸುತ್ತದೆ, ಬೆಲೆ ಹೆಚ್ಚಾದರೆ ಬೇಡಿಕೆ ಸಂಕುಚಿಸುತ್ತದೆ."

"ಅದು ಪುಸ್ತಕ ಹೇಳಿದ್ದು. ನೀ ಹೇಳು."

"ಅದೇ ನಾನು ಹೇಳಿದ್ದು!"

"ಅಲ್ಲ ಮಾರಾಯ್ತಿ, ಇತರ ಅಂಶ ಅಂದ್ಯಲ್ಲ, ಅದ್ಯಾವ್ದು?"

ಬಾಯಿ ತೆರೆದೆ. ಏನೂ ಬರಲಿಲ್ಲ. ಆ ಸಾಲನ್ನು ನೂರು ಸಲ ಓದಿದ್ದೆ. 'ಇತರ ಅಂಶಗಳು' ಎಂಬುದು ನನ್ನ ಪಾಲಿಗೆ 'ಓಂ' ಇದ್ದ ಹಾಗೆ, ಶುರುಮಾಡಲು ಹೇಳುವ ಮಾತು. ತುಟಿ ಆಡಿಸುತ್ತ ಅದೇ ಸಾಲನ್ನು ಮತ್ತೆ ಮೊದಲಿನಿಂದ ಹೇಳಿಕೊಂಡೆ. ಗಂಡ ನೋಡಿಯೂ ನೋಡದವರಂತೆ, "ಬಸ್ ಬಂತು, ಏಳು," ಎಂದರು. ಬಸ್ ಬಂದಿರಲಿಲ್ಲ. ಅದು ಅವರ ಕರುಣೆ.

ದಾರಿಯುದ್ದಕ್ಕೂ ನಾನೊಂದು ಸಂಚು ಹೂಡಿದೆ. ಪುಸ್ತಕವನ್ನು ಬ್ಯಾಗಿನ ತಳದಲ್ಲಿ, ಸೀರೆಗಳ ಕೆಳಗೆ ಹುಗಿಸುವುದು. ಅತ್ತೆ ಕೇಳಿದರೆ ನನ್ನ ಹಳೇ ಡೈರಿ ಕೊಡುವುದು. ಮೂರು ದಿನ ಹಿತ್ತಿಲು, ಬಚ್ಚಲು, ಅಟ್ಟ, ಎಲ್ಲಿಯಾದರೂ ಕುಳಿತು ಓದುವುದು. ಶಾರದೆ ನನ್ನ ಕಷ್ಟ ತಿಳಿಯದಷ್ಟು ಕಠಿಣಳಲ್ಲ.

ಸಂಜೆ ಅತ್ತೆ ಮಣೆ ತೊಳೆದು ರಂಗೋಲಿ ಎಳೆದರು. ಎಪ್ಪತ್ತಾರು ವರ್ಷ, ಕನ್ನಡ ಶಾಲೆಯ ಏಳನೇ ತರಗತಿ, ಮತ್ತು ಊರಿನ ಯಾವ ಮಾತನ್ನೂ ಹಾಗೇ ನಂಬದ ಸ್ವಭಾವ. ಮೈದುನನ ಮಕ್ಕಳು ಸಂಭ್ರಮದಿಂದ ತಮ್ಮ ಗಣಿತದ ಪುಸ್ತಕಗಳನ್ನೇ ಮೊದಲು ತಂದು ಪೇರಿಸಿದರು. ಅತ್ತೆ ನನ್ನ ಕಡೆ ತಿರುಗಿ, "ನಿಂದು ಎಂತಾರೂ ಇದ್ರೆ ಇಡು," ಎಂದರು. ಅಷ್ಟೇ. ಒತ್ತಾಯವಿಲ್ಲ, ಅನುಮಾನವಿಲ್ಲ.

ಅತ್ತೆ ಕಸಿದುಕೊಂಡರು ಎಂದು ಬರೆದಿದ್ದರೆ ನನಗೆ ಎಷ್ಟೋ ಮರ್ಯಾದೆ ಉಳಿಯುತ್ತಿತ್ತು. ಆದರೆ ನಡೆದದ್ದು ಬೇರೆ. ಡೈರಿ ತರಲು ಒಳಗೆ ಹೋದವಳಿಗೆ ಒಂದು ಯೋಚನೆ ಬಂತು: ದೇವಿಗೆ ಸುಳ್ಳು ಹೇಳಿ, ಕದ್ದು ಓದಿ, ಆಮೇಲೆ ಫೇಲಾದರೆ? ಅದು ಅದಕ್ಕೇ ಆದದ್ದು ಎಂದು ಸಾಯುವವರೆಗೂ ಅನ್ನಿಸುತ್ತದಲ್ಲ! ಓದದೆ ಫೇಲಾಗುವುದು ಒಂದು ಚಿಂತೆ. ಪಾಪ ಮಾಡಿ ಫೇಲಾಗುವುದು ಎರಡು ಚಿಂತೆ. ಎರಡು ನಿಮಿಷ ಕತ್ತಲೆ ಕೋಣೆಯಲ್ಲಿ ನಿಂತು, ಸೀರೆಗಳ ಕೆಳಗಿಂದ ಪುಸ್ತಕ ಎಳೆದು, ನಾನಾಗಿಯೇ ತಂದು ಮಣೆಯ ಮೇಲೆ ಇಟ್ಟೆ. ಗಂಡ ಹಣೆ ಚಚ್ಚಿಕೊಂಡರು. ಅತ್ತೆ ರೇಷ್ಮೆ ಬಟ್ಟೆ ಹೊದಿಸಿ ಕುಂಕುಮ ಹಾಕಿದರು. ಗಂಟೆ ಬಾರಿಸುವ ಹೊತ್ತಿಗೆ ನನಗೆ ಅಳು ಬರುತ್ತಿತ್ತು. ಅತ್ತೆ ಅದನ್ನು ಭಕ್ತಿ ಎಂದುಕೊಂಡರು.

ಅಷ್ಟಮಿಯ ಬೆಳಿಗ್ಗೆ ಎದ್ದಾಗ ಕೈಗೆ ಏನೋ ಕಳೆದುಹೋದಂತಾಗಿತ್ತು. ದೇವರ ಕೋಣೆಯ ಮುಂದೆ ನಾಲ್ಕು ಸಲ ಓಡಾಡಿದೆ. ಗುಡ್ಡೆಯಾಗಿ ಕುಳಿತ ರೇಷ್ಮೆ ಬಟ್ಟೆಯ ಒಂದು ಮೂಲೆಯಲ್ಲಿ ಕಂದು ಕಾಗದದ ಅಂಚು ಇಣುಕುತ್ತಿತ್ತು. ಮೊಬೈಲಿನಲ್ಲಿ ಯಾರಾದರೂ ನೋಟ್ಸ್ ಕಳಿಸಿದ್ದಾರೋ ಎಂದು ತೆರೆಯಲು ಹೋದರೆ, ಅಡುಗೆ ಕೋಣೆಯಿಂದಲೇ ಅತ್ತೆ, "ಅದ್ರಲ್ಲಿ ಓದಿದ್ರೂ ಓದಿದ್ದೇ," ಎಂದರು. ನನ್ನ ಕಡೆ ನೋಡಿಯೂ ಇರಲಿಲ್ಲ.

"ಅತ್ತೆ, ಪುಸ್ತಕ ಮುಟ್ಟದೆ ಬಾಯಲ್ಲಿ ಹೇಳ್ಕೊಂಡ್ರೆ ತಪ್ಪಾ?"

ಅತ್ತೆ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ಯೋಚಿಸಿದರು. "ಓದಬಾರ್ದು, ಬರೀಬಾರ್ದು. ತಲೆ ಒಳಗೆ ಇರೋದನ್ನ ಮಣೆ ಮೇಲೆ ಇಡಕ್ಕೆ ಆಗುತ್ತಾ? ಹೇಳ್ಕೋ."

ಹೇಳಿಕೊಳ್ಳಲು ಕುಳಿತೆ. ಮೊದಲ ಅಧ್ಯಾಯ ಗಿಣಿಯ ಹಾಗೆ ಬಂತು. ಎರಡನೆಯದು ಅರ್ಧ. ನಾಲ್ಕರಿಂದಾಚೆ ಏನಿದೆ ಎಂಬುದೇ ನೆನಪಾಗಲಿಲ್ಲ. ಏಳನೇ ಅಧ್ಯಾಯದ ಹೆಸರೇನು? ಒಂಬತ್ತನೆಯದರಲ್ಲಿ ಒಂದು ಚಿತ್ರವಿತ್ತು, ಎರಡು ಗೆರೆ ಕತ್ತರಿಯ ಹಾಗೆ ಹಾದುಹೋಗಿದ್ದವು. ಯಾವುದು ಏರುವುದು, ಯಾವುದು ಇಳಿಯುವುದು? ಗೊತ್ತಿಲ್ಲದ್ದನ್ನು ಗುರುತು ಹಾಕಿಕೊಳ್ಳೋಣವೆಂದರೆ ಬರೆಯುವಂತಿಲ್ಲ. ಗೊತ್ತಿಲ್ಲದ್ದು ಯಾವುದು ಎಂಬುದೂ ಮರೆತುಹೋಗುತ್ತದೆಂಬ ಹೊಸ ಚಿಂತೆ ಹಿಡಿಯಿತು. ಆಗ ಅಟ್ಟದ ಮೆಟ್ಟಿಲ ಕೆಳಗೆ ಚೆನ್ನೆಮಣೆ ಕಣ್ಣಿಗೆ ಬಿತ್ತು. ಮಳೆಗಾಲದಲ್ಲಿ ಹೆಂಗಸರು ಮಕ್ಕಳು ಕುಳಿತು ಆಡುವ ಹಲಗೆ. ಸಾಲಿಗೆ ಏಳರಂತೆ ಎರಡು ಸಾಲು ಗುಳಿ, ಒಟ್ಟು ಹದಿನಾಲ್ಕು. ಜೊತೆಗೆ ಒಂದು ಡಬ್ಬಿ ಹುಣಸೆ ಬೀಜ. ನನ್ನ ಪುಸ್ತಕಕ್ಕೂ ಹದಿನಾಲ್ಕು ಅಧ್ಯಾಯ.

ಅದನ್ನು ಜಗಲಿಗೆ ತಂದು ಧೂಳು ಒರೆಸಿದೆ. ಒಂದೊಂದು ಗುಳಿ ಒಂದೊಂದು ಅಧ್ಯಾಯ. ಏನಾದರೂ ಹೊಳೆಯದೆ ಹೋದರೆ ಆ ಗುಳಿಗೆ ಒಂದು ಬೀಜ.

"ನವರಾತ್ರೀಲಿ ಇದೆಂತ ಆಟ?" ಎಂದರು ಅತ್ತೆ, ಹೂ ಕಟ್ಟಲು ಪಕ್ಕದಲ್ಲಿ ಕುಳಿತು.

ವಿವರಿಸಿದೆ. ಅವರು ಗುಳಿಗಳನ್ನು ನೋಡಿ, "ಮೊದಲ್ನೇ ಗುಳೀಲಿ ಎಂತದೂ ಇಲ್ಲ, ಗಟ್ಟಿಗಿತ್ತಿ," ಎಂದರು. "ಎರಡ್ನೇದು ನಂಗೂ ಹೇಳು."

ಎರಡನೆಯದು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಒಂದೇ ವಸ್ತುವನ್ನು ಒಂದರ ಮೇಲೊಂದು ಅನುಭವಿಸುತ್ತ ಹೋದರೆ ಪ್ರತಿಯೊಂದರಿಂದ ಸಿಗುವ ತೃಪ್ತಿ ಇಳಿಯುತ್ತದೆ. ಹೋಳಿಗೆಯ ಉದಾಹರಣೆ ಕೊಟ್ಟೆ. ಮೊದಲನೇ ಹೋಳಿಗೆ ಅಮೃತ, ಎರಡನೆಯದು ರುಚಿ, ಮೂರನೆಯದು ಸಾಕು, ನಾಲ್ಕನೆಯದು ಬೇಡ.

"ಯಾರ ಮನೇಲಿ?" ಎಂದರು ಅತ್ತೆ. "ನಿನ್ನ ಗಂಡ ಐದ್ನೇದಕ್ಕೂ ತುಪ್ಪ ಬಡಿಸು ಅಂತಾನೆ. ಅವನಿಗೆ ಈ ನಿಯಮ ಇಲ್ವಾ?"

"ಇದೆ ಅತ್ತೆ, ನಿಯಮಕ್ಕೆ ಅಪವಾದ ಐದು..." ಎಂದು ಶುರುಮಾಡಿ ಎರಡಕ್ಕೆ ನಿಂತೆ. ಮೂರು ಬೀಜ ಹಾಕಿದೆ. ಒಳಗಿನಿಂದ ಗಂಡ, "ನನ್ನ ಹೆಸರಲ್ಲಿ ಫೇಲಾಗ್ಬೇಡ ಮಾರಾಯ್ತಿ!" ಎಂದು ಕೂಗಿದರು.

ಮೂರನೆಯದು ಬೇಡಿಕೆ. ಇದು ನನ್ನ ಕೋಟೆ. ಪುಸ್ತಕದ ಅಂಚು ಅಲ್ಲಿ ಕಪ್ಪಾಗುವಷ್ಟು ಓದಿದ್ದೆ. ಧೈರ್ಯದಿಂದ ಹೇಳಿದೆ, "ಬೆಲೆ ಏರಿದ್ರೆ ಜನ ಕಮ್ಮಿ ತಗೋತಾರೆ, ಇಳಿದ್ರೆ ಜಾಸ್ತಿ ತಗೋತಾರೆ."

ಅತ್ತೆ ಕೈಯಲ್ಲಿದ್ದ ಸೇವಂತಿಗೆಯನ್ನು ಎತ್ತಿ ತೋರಿಸಿದರು. "ಇದ್ರ ಬೆಲೆ ಹೋದ ತಿಂಗಳು ಎಷ್ಟಿತ್ತು, ಈಗೆಷ್ಟು? ಮುಟ್ಟಿದ್ರೆ ಕೈ ಸುಡುತ್ತೆ. ಹೋದ ತಿಂಗಳು ಒಂದು ಮಾರು ತಂದಿದ್ನಾ? ಇಲ್ಲ. ಇವತ್ತು ನಾಕು ಮಾರು ತಂದಿದೀವಿ. ಊರಿಗೆ ಊರೇ ತಂದಿದೆ. ನಿನ್ನ ನಿಯಮ ಎಲ್ಲಿಗೆ ಹೋಯ್ತು?"

ನಾನು ಸೇವಂತಿಗೆಯನ್ನು ನೋಡಿದೆ. ಬೆಲೆ ಏರಿದೆ, ಬೇಡಿಕೆಯೂ ಏರಿದೆ. ನಿಯಮ ಸುಳ್ಳೇ? ಪುಸ್ತಕದಲ್ಲಿ ಇದಕ್ಕೆ ಏನೋ ಉತ್ತರವಿತ್ತು. 'ವಿಸ್ತರಣೆ' ಎಂದೊಂದು, 'ಹೆಚ್ಚಳ' ಎಂದೊಂದು ಇತ್ತು. ಎರಡೂ ಒಂದೇ ಎಂದುಕೊಂಡು ಇಷ್ಟು ದಿನ ಓದಿದ್ದೆ. ಹಿಂದಿನ ಎರಡು ಪರೀಕ್ಷೆಯಲ್ಲೂ ಇವುಗಳ ವ್ಯತ್ಯಾಸ ಕೇಳಿದ್ದರು. ಎರಡೂ ಸಲ ನಾನು ಎರಡು ಪುಟ ತುಂಬ ಬೇಡಿಕೆಯ ವ್ಯಾಖ್ಯೆಯನ್ನೇ ಬರೆದು, ತೃಪ್ತಿಯಿಂದ ಗೆರೆ ಎಳೆದು ಬಂದಿದ್ದೆ. ನನ್ನ ಕೋಟೆಯೊಳಗೆ ಗೋಡೆಗಳೇ ಇರಲಿಲ್ಲ. ಮೂರನೇ ಗುಳಿಗೆ ಒಂದು ಬೀಜ, ಎರಡು, ಐದು, ಏಳು ಹಾಕಿದೆ.

ಅಂಚು ನೋಡಿ ವಿದ್ಯಾರ್ಥಿಗಳ ಓದನ್ನು ಅಳೆಯುತ್ತಿದ್ದ ಮಹಾತಾಯಿಗೆ ಆಗ ಅರ್ಥವಾಯಿತು: ಮಾಸಿದ ಅಂಚು ಬೆರಳಿನದು, ತಲೆಯದಲ್ಲ.

ಅದಕ್ಕಿಂತ ಕೆಟ್ಟದ್ದು ನೆನಪಾದದ್ದು ನವಮಿಯ ದಿನ. ಹತ್ತನೇ ಗುಳಿಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದಾಗ, ಆ ಪುಟದ ಅಂಚಿನಲ್ಲಿ ಮೊದಲು ಏನೋ ಬರೆದಿತ್ತು ಎಂದು ಥಟ್ಟನೆ ಹೊಳೆಯಿತು. ಹೌದು, ಈ ಪ್ರತಿಯ ತುಂಬ ಯಾರೋ ಹಿಂದಿನ ವಿದ್ಯಾರ್ಥಿ ಸಣ್ಣ ಅಕ್ಷರದಲ್ಲಿ ಪೆನ್ಸಿಲ್ ಪ್ರಶ್ನೆಗಳನ್ನು ಬರೆದಿದ್ದರು. ಪುಟಕ್ಕೆರಡು, ಮೂರು. ನಾನು ಅವರನ್ನು ಬಾಯ್ತುಂಬ ಬೈಯುತ್ತ ಮೂರು ಮಧ್ಯಾಹ್ನ ಕುಳಿತು ಅಷ್ಟನ್ನೂ ಅಳಿಸಿದ್ದೆ. ಯಾರೋ ಪುಸ್ತಕದೊಡನೆ ಮಾತಾಡಿದ್ದರು. ನಾನು ಆ ಮಾತನ್ನೆಲ್ಲ ಉಜ್ಜಿ ಹುಡಿ ಮಾಡಿ ಸೆರಗಿನಿಂದ ಕೊಡವಿದ್ದೆ, ಪುಣ್ಯಕ್ಕೆಂದು.

ಊಟ ಸೇರಲಿಲ್ಲ. ಸಂಜೆಯ ಹೊತ್ತಿಗೆ ಹಲಗೆಯ ಯಾವ ಗುಳಿಯೂ ಖಾಲಿ ಇರಲಿಲ್ಲ, ಮೊದಲನೆಯದೊಂದನ್ನು ಬಿಟ್ಟು. ಮಕ್ಕಳು ಆಡಲು ಕೇಳಿದರೆ ಹುಲಿಯ ಹಾಗೆ ಕಾದೆ. ಒಂದು ಬೀಜ ಆಚೀಚೆಯಾದರೂ ನನ್ನ ಅಜ್ಞಾನದ ದಾಖಲೆ ಕೆಡುತ್ತದೆ.

ವಿಜಯದಶಮಿಯಂದು ನಾನು ಸ್ನಾನ ಮುಗಿಸಿ ದೇವರ ಕೋಣೆಯ ಬಾಗಿಲಲ್ಲಿ ಕುಳಿತಾಗ ಆರೂವರೆ. ಮೈದುನ ದೇವಸ್ಥಾನದ ಪೂಜೆ ಮುಗಿಸಿ ಬಂದು ಮಂಗಳಾರತಿ ಎತ್ತಬೇಕು, ಆಮೇಲೆ ಪುಸ್ತಕ ತೆಗೆಯಬೇಕು. ಎಂಟಕ್ಕೆ ಬರುತ್ತೇನೆ ಎಂದವನು ಒಂಬತ್ತಾದರೂ ಬರಲಿಲ್ಲ. ಹತ್ತಕ್ಕೆ ಫೋನು ಮಾಡಿದರೆ ಗದ್ದಲ, ಗಂಟೆ, ಶಂಖ. "ಜನ ಜಾಸ್ತಿ ಇದಾರೆ ಅತ್ತಿಗೆ, ಬಂದೆ," ಎಂದ. ಪರೀಕ್ಷೆಗೆ ಇಪ್ಪತ್ತನಾಲ್ಕು ಗಂಟೆ. ಹನ್ನೊಂದಕ್ಕೆ ಇಪ್ಪತ್ತಮೂರು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತಿದ್ದೆನೆಂದು ಗೊತ್ತಾದದ್ದು ಗಂಡ, "ರಾಕೆಟ್ ಬಿಡ್ತಾ ಇದೀಯಾ?" ಎಂದಾಗ.

"ನೀವೇ ಆರತಿ ಎತ್ತಿ," ಎಂದೆ. "ನೀವೂ ಈ ಮನೆ ಮಗನೇ ಅಲ್ವಾ?"

"ಮಿಂದಿಲ್ಲ," ಎಂದರು.

"ಮೀಯಿರಿ!" ನನ್ನ ದನಿ ಅಂಗಳ ದಾಟಿತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಲ್ಲಿ ನಾನು ಅಷ್ಟು ಎತ್ತರಕ್ಕೆ ಮಾತಾಡಿದ್ದು ಅದೇ ಮೊದಲು. ಅತ್ತೆ ಹೊರಬಂದು ನನ್ನ ಮುಖವನ್ನೊಮ್ಮೆ, ಚೆನ್ನೆಮಣೆಯನ್ನೊಮ್ಮೆ ನೋಡಿದರು.

"ಮೀಯೋ ಮಾರಾಯ," ಎಂದರು ಮಗನಿಗೆ. "ಅವಳ ಗುಳಿ ತುಂಬಿದೆ."

ಹನ್ನೊಂದೂ ಮುಕ್ಕಾಲಿಗೆ ಮಂಗಳಾರತಿಯಾಯಿತು. ಗಂಡ ಮಂತ್ರ ಅರ್ಧ ಮರೆತು ಗುನುಗುನು ಮಾಡಿದರು. ನಾನು ತಪ್ಪು ಹಿಡಿಯಲಿಲ್ಲ. ಪುಸ್ತಕ ಕೈಗೆ ಬಂದಾಗ ಅದರ ರಟ್ಟಿನ ಮೇಲೆ ಕುಂಕುಮ, ಒಂದು ಸೇವಂತಿಗೆ ಎಸಳು.

ಅಭ್ಯಾಸ ಬಲ, ಬೆರಳು ಮೊದಲ ಪುಟಕ್ಕೇ ಹೋಯಿತು. ತಡೆದು ಹಿಂದಕ್ಕೆಳೆದೆ. ಮೊದಲ ಗುಳಿ ಖಾಲಿ. ಅಲ್ಲಿ ನನಗೇನು ಕೆಲಸ? ಬೀಜ ಹೆಚ್ಚಿದ್ದ ಗುಳಿ ಮೂರನೆಯದು. ಜೀವನದಲ್ಲಿ ಮೊದಲ ಬಾರಿಗೆ ಒಂದು ಪುಸ್ತಕವನ್ನು ನಡುವಿನಿಂದ, ಒಂದೇ ಒಂದು ಪ್ರಶ್ನೆಗಾಗಿ ತೆರೆದೆ: ಹಬ್ಬದಲ್ಲಿ ಸೇವಂತಿಗೆಗೆ ಏನಾಗುತ್ತದೆ?

ಉತ್ತರ ಅರ್ಧ ಪುಟದಲ್ಲಿತ್ತು. ಬೆಲೆ ಇಳಿದದ್ದಕ್ಕೆ ಹೆಚ್ಚು ಕೊಂಡರೆ ಅದು ವಿಸ್ತರಣೆ. ಬೆಲೆಯಲ್ಲದೆ ಬೇರೆ ಕಾರಣಕ್ಕೆ, ಅಭಿರುಚಿ, ಆದಾಯ, ಕಾಲ, ಹಬ್ಬ ಇಂಥದ್ದಕ್ಕೆ ಹೆಚ್ಚು ಕೊಂಡರೆ ಅದು ಹೆಚ್ಚಳ. ಗೆರೆಯೇ ಜಾಗ ಬಿಟ್ಟು ಬಲಕ್ಕೆ ಸರಿಯುತ್ತದೆ. ಹೂವಿನ ಬೆಲೆ ಏರಿದ್ದಕ್ಕೆ ಜನ ಕೊಂಡದ್ದಲ್ಲ. ಜನ ಕೊಳ್ಳಲು ಮುಗಿಬಿದ್ದದ್ದಕ್ಕೆ ಬೆಲೆ ಏರಿದ್ದು. ಇತರ ಅಂಶಗಳು! ಹೊಸನಗರದ ಕಲ್ಲುಬೆಂಚಿನ ಮೇಲೆ ನಾನು ಹುಡುಕಿದ್ದು ಇವನ್ನೇ. ಎರಡು ವರ್ಷದಿಂದ ಇವು ಇಲ್ಲೇ ಕುಳಿತಿದ್ದವು, ನಾನು ಇವುಗಳ ಮೇಲೆಯೇ ತುಟಿ ಆಡಿಸಿಕೊಂಡು ಹೋಗಿದ್ದೆ.

ಕಿಟಕಿಯ ಬೆಳಕಿಗೆ ಪುಟ ಓರೆ ಮಾಡಿದೆ. ಅಂಚಿನಲ್ಲಿ ಪೆನ್ಸಿಲ್ ಹೋಗಿದ್ದರೂ ಒತ್ತಿ ಬರೆದ ತಗ್ಗು ಉಳಿದಿತ್ತು. ಕಷ್ಟಪಟ್ಟು ಓದಿದೆ: 'ಬೆಲೆ ಏರಿದ್ರೂ ಯಾಕೆ?' ನನಗಿಂತ ಎಷ್ಟೋ ಮೊದಲು, ಬಹುಶಃ ನನ್ನ ಅರ್ಧ ವಯಸ್ಸಿನ ಯಾರೋ, ಅದೇ ಜಾಗದಲ್ಲಿ ಎಡವಿ ನಿಂತಿದ್ದರು. ಉಳಿದ ಪುಟಗಳನ್ನೂ ಓರೆ ಮಾಡಿ ನೋಡಿದೆ. ಹೆಚ್ಚಿನ ಕಡೆ ನನ್ನ ಕೈಚಳಕ ಎಂದಿನಂತೆ ಚೊಕ್ಕಟವಾಗಿತ್ತು. ಎಲ್ಲೋ ಒಂದು 'ಹೇಗೆ?', ಒಂದು ಬಾಣ, ಅಷ್ಟೇ.

"ಅತ್ತೆ, ಪೆನ್ಸಿಲ್ ಇದೆಯಾ?"

ಅವರು ಮಕ್ಕಳ ಡಬ್ಬಿಯಿಂದ ಒಂದು ಮೋಟು ತಂದುಕೊಟ್ಟರು. "ಬರಿ. ಇವತ್ತು ಬರೀಲೇಬೇಕು, ಒಳ್ಳೇದು." ಅವರು ಹೇಳಿದ್ದು ಸ್ಲೇಟಿನ ಮೇಲೆ ಶ್ರೀಕಾರ ಬರೆಯುವ ವಿಷಯ. ನಾನು ಬರೆದದ್ದು ಗ್ರಂಥಾಲಯದ ಪುಸ್ತಕದ ಅಂಚಿನಲ್ಲಿ: 'ಸೇವಂತಿಗೆ'. ಮೋಟು ಪೆನ್ಸಿಲ್ ಜಾರಿ 'ವ' ಸೊಟ್ಟಗಾಯಿತು. ಆಕಾಶ ಬೀಳಲಿಲ್ಲ. ಒಂದು ಬೀಜ ಎತ್ತಿ ಡಬ್ಬಿಗೆ ಹಾಕಿದೆ.

ಹಾಗೆ ಸಂಜೆಯವರೆಗೆ. ಗುಳಿ ನೋಡುವುದು, ಪ್ರಶ್ನೆ ನೆನಪಿಸಿಕೊಳ್ಳುವುದು, ಆ ಜಾಗ ಮಾತ್ರ ಓದುವುದು, ಪುಸ್ತಕ ಮುಚ್ಚಿ ಅತ್ತೆಗೆ ಹೇಳುವುದು. ಅತ್ತೆ "ಹೂಂ" ಅಂದರೆ ಬೀಜ ತೆಗೆಯುವುದು, "ಅದ್ಹೆಂಗೆ?" ಅಂದರೆ ಬಿಡುವುದು. ಹನ್ನೆರಡು ಗುಳಿಯಾಗುವಾಗ ದೀಪ ಹಚ್ಚುವ ಹೊತ್ತು. ಅತ್ತೆ ಗೋಡೆಗೊರಗಿ ತೂಕಡಿಸುತ್ತಿದ್ದರು, ಆದರೂ "ಅದ್ಹೆಂಗೆ?" ಬಿಟ್ಟಿರಲಿಲ್ಲ. ಹದಿಮೂರನೇ ಗುಳಿಯೊಂದು ಮಾತ್ರ ಹಾಗೇ ಉಳಿಯಿತು, ಆರು ಬೀಜದೊಂದಿಗೆ.

ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಹದಿಮೂರನೇ ಅಧ್ಯಾಯದ ಪ್ರಶ್ನೆ. ಹತ್ತು ನಿಮಿಷ ನನಗೆ ಬೇರೇನೂ ಕಾಣಲಿಲ್ಲ. ಮೇಲ್ವಿಚಾರಕಿ ಬಂದು ನೀರು ಬೇಕೇ ಎಂದು ಕೇಳಿದಳು. ಅವಳು ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿನಿಯರ ವಯಸ್ಸಿನವಳು. ನೀರು ಕುಡಿದು ಕೆಳಗೆ ಓದಿದೆ. ನಾಲ್ಕನೆಯ ಪ್ರಶ್ನೆ: ಬೇಡಿಕೆಯ ವಿಸ್ತರಣೆ ಹಾಗೂ ಹೆಚ್ಚಳದ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸಿ. ವ್ಯಾಖ್ಯೆ ಬರೆಯಲು ಪೆನ್ನು ತಾನಾಗಿ ಹೊರಟಿತು. ನಿಲ್ಲಿಸಿ, "ನವರಾತ್ರಿಯಲ್ಲಿ ಸೇವಂತಿಗೆ ಹೂವಿನ ಬೆಲೆ ಏರಿದರೂ" ಎಂದು ಶುರುಮಾಡಿದೆ. ಬರೆಯುವಾಗ ಎದುರಿಗೆ ಅತ್ತೆ ಕುಳಿತು "ಅದ್ಹೆಂಗೆ?" ಎನ್ನುತ್ತಿರುವಂತೆಯೇ ಇತ್ತು. ಗೆರೆಯನ್ನು ಬಲಕ್ಕೆ ಸರಿಸಿ ಬಾಣ ಹಾಕಿದೆ. ಹದಿಮೂರನೆಯದನ್ನು ಮುಟ್ಟಲಿಲ್ಲ.

ಆಮೇಲಿನ ಮೂರು ತಿಂಗಳು ನಾನು ಆ ಆರು ಬೀಜಗಳ ಮೇಲೆಯೇ ಬದುಕಿದೆ. ಒಂದು ದಿನ ಬರೆದ ಉತ್ತರ ಸರಿ ಎನ್ನಿಸುವುದು, ಮರುದಿನ ಬಾಣ ಎಡಕ್ಕೆ ಹಾಕಿದೆನೇ ಎಂದು ಬೆವರುವುದು. ಫಲಿತಾಂಶ ಬಂದದ್ದು ಗ್ರಂಥಾಲಯದ ಕೌಂಟರಿನಲ್ಲಿ ನಿಂತಿದ್ದಾಗ, ಮೊಬೈಲಿನಲ್ಲಿ. ಪಾಸಾಗಲು ಬೇಕಾದದ್ದಕ್ಕಿಂತ ನಾಲ್ಕು ಅಂಕ ಹೆಚ್ಚು. ಮೂರು ಸಲ ನೋಡಿ, ನೋಂದಣಿ ಸಂಖ್ಯೆ ನನ್ನದೇ ಎಂದು ಖಾತ್ರಿ ಮಾಡಿಕೊಂಡು, ಗಂಡನಿಗೆ ಫೋನ್ ಮಾಡಿದೆ. ಕಂಬದ ಮೇಲಿದ್ದರೆಂದು ಕಾಣುತ್ತದೆ, ಗಾಳಿಯ ಸದ್ದು.

"ನಾಕು ಜಾಸ್ತೀನಾ?" ಎಂದರು. "ಎಂತಕ್ಕೆ ಅಷ್ಟು ಸುಸ್ತು ಮಾಡ್ಕೊಂಡೆ?"

ಅತ್ತೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಹದಿಮೂರನೇ ಗುಳಿ ತೆಗೆದ್ಯಾ?" ಇನ್ನೂ ಇಲ್ಲ ಎಂದೆ.

ಈಗ ನಾನು ಗ್ರಂಥಾಲಯ ಸಹಾಯಕಿ. ಸ್ಟೂಲು ಹೋಗಿ ಕೈಯಿರುವ ಕುರ್ಚಿ ಬಂದಿದೆ. ಆ ಅರ್ಥಶಾಸ್ತ್ರದ ಪುಸ್ತಕವನ್ನು ವಾಪಸು ಪಡೆದುಕೊಂಡದ್ದೂ ನಾನೇ, ಪರಿಶೀಲಿಸಬೇಕಾದದ್ದೂ ನಾನೇ. ಒಂದು ಮಧ್ಯಾಹ್ನ ಕಿಟಕಿ ಪಕ್ಕ ಕುಳಿತು ರಬ್ಬರ್ ತೆಗೆದೆ. ಸೊಟ್ಟ 'ಸೇವಂತಿಗೆ'ಯ ಮೇಲೆ ಇಟ್ಟೆ. ಉಜ್ಜಲಾಗಲಿಲ್ಲ. ಹಾಗೇ ಕಪಾಟಿಗೆ ಸೇರಿಸಿದೆ, ಮತ್ತು ಅಂದಿನಿಂದ ಅದನ್ನು ಯಾರು ತೆಗೆದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಕಳೆದ ವಾರ ಎರಡನೇ ವರ್ಷದ ಹುಡುಗಿಯೊಬ್ಬಳು ಅದನ್ನು ಕೌಂಟರಿನ ಮೇಲಿಟ್ಟು ಮುಖ ಗಂಟಿಕ್ಕಿದಳು.

"ನೋಡಿ ಮೇಡಂ, ಲೈಬ್ರರಿ ಪುಸ್ತಕದಲ್ಲಿ ಯಾರೋ ಹೆಂಗೆ ಗೀಚಿದಾರೆ. ಸೇವಂತಿಗೆಯಂತೆ! ನೀವು ಸುಮ್ನೆ ಬಿಡ್ತೀರಾ ಇಂಥವ್ರನ್ನ?"

"ಯಾರೋ ತಿಳುವಳಿಕೆ ಇಲ್ದೋರು," ಎಂದೆ. ಕಿವಿ ಬಿಸಿಯಾಗಿತ್ತು. ಪುಸ್ತಕದ ಅಂಚು ನೋಡಲು ಕೈ ತಾನಾಗಿ ಮುಂದಾಯಿತು, ಹಿಂದಕ್ಕೆ ತೆಗೆದುಕೊಂಡೆ. ಪುಸ್ತಕ ಮುಚ್ಚಿ ನನ್ನ ಕಡೆ ಇಟ್ಟುಕೊಂಡು ಕೇಳಿದೆ, "ಅದಿರ್ಲಿ, ಆ ಪುಟದಲ್ಲಿ ಎಂತ ಇತ್ತು, ಹೇಳು ನೋಡಣ."

ಹುಡುಗಿ ಬಾಯಿ ತೆರೆದಳು.